ಬೀಗ ಹಾಕಿದ ಮನೆಯ ಮಗು



“ಹೋದ ಬ್ಯಾನಿಗಿ ಮತ್ಯಾಕ ಹನಿ ಹಾಕ್ತೀರಿ ಅಕ್ಕಾರ?”

ಪೋಲಿಯೊ ಭಾನುವಾರ ಬಂತೆಂದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ಬೂತಿಗೆ ಕೂತವರು ಈ ಮಾತನ್ನು ಕೇಳಿಯೇ ಕೇಳಿರುತ್ತಾರೆ. ಕೇಳುವ ತಾಯಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಮೊಂಡುತನದಿಂದ ಕೇಳುವವಳಲ್ಲ ಆಕೆ. ತನ್ನ ಓರಗೆಯವರಲ್ಲಿ ಪೋಲಿಯೊದಿಂದ ಕಾಲು ಹೋದವರನ್ನು ಕಂಡೇ ಇಲ್ಲ. ಭಾರತ ಪೋಲಿಯೊ ಮುಕ್ತವಾಯಿತೆಂದು ಸರಕಾರವೇ ಸಾರಿದೆ. ಹಾಗಿದ್ದ ಮೇಲೆ ಅವಳ ಪ್ರಶ್ನೆ ನ್ಯಾಯವಾದದ್ದೇ. “ಸರಕಾರದ ಆರ್ಡರ್ ಅದ, ಸುಮ್ನ ಹಾಕಸ್ರಿ” ಎಂದು ಬಾಯಿ ಮುಚ್ಚಿಸುವುದು ನನಗೆ ಎಂದೂ ಸರಿ ಕಂಡಿಲ್ಲ. ಆರೋಗ್ಯ ಇಲಾಖೆಯಲ್ಲಿ ಈ ಭಾಗದ ಊರು, ತಾಂಡಾ ತಿರುಗಿದವಳು ನಾನು. ಇವತ್ತು ಆ ತಾಯಿಗೆ ಕೊಡಬೇಕಾದ ಉತ್ತರವನ್ನೇ ಕೊಡಬೇಕೆಂದು ಬಂದಿದ್ದೇನೆ.

ನಲವತ್ತು ದಾಟಿದವರು ನಿಮ್ಮ ಬಾಲ್ಯದ ಓಣಿಯನ್ನು ನೆನಪು ಮಾಡಿಕೊಳ್ಳಿ. ಸೊರಗಿದ ಕಾಲಿನ ಮೊಣಕಾಲ ಮೇಲೆ ಕೈ ಒತ್ತಿಹಿಡಿದು, ಮೈ ಒಂದು ಬದಿಗೆ ವಾಲಿಸಿ ನಡೆಯುತ್ತಿದ್ದ ಹುಡುಗ ಇದ್ದನಲ್ಲ? ಕೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ನೆಲದ ಮೇಲೆ ತೆವಳುತ್ತ ಬರುತ್ತಿದ್ದ ಹುಡುಗಿ? ಅವರ ತಾಯಂದಿರನ್ನು ಕೇಳಿದರೆ ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಕೂಸಿಗೆ ಜ್ವರ ಬಂತು, ದವಾಖಾನಿಗೆ ಒಯ್ದು ಸೂಜಿ ಹಾಕಿಸಿದೆವು, ಮರುದಿನವೋ ಮೂರನೇ ದಿನವೋ ಏಳಿಸಲು ಹೋದರೆ ಕಾಲು ಜೋತುಬಿದ್ದಿತ್ತು. “ಸೂಜಿಯಿಂದನೇ ಕಾಲು ಹೋತು” ಎಂದು ಅವರು ಇಂದಿಗೂ ನಂಬಿದ್ದಾರೆ. ಆ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ಪೋಲಿಯೊ ವೈರಸ್ ಆಗಲೇ ಮೈಯಲ್ಲಿ ಹೊಕ್ಕಿರುವ ಮಗುವಿಗೆ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಆ ಕಾಲಿಗೆ ಲಕ್ವ ಹೊಡೆಯುವ ಸಂಭವ ಹೆಚ್ಚುತ್ತದೆ ಎಂಬುದು ವೈದ್ಯಶಾಸ್ತ್ರ ಒಪ್ಪಿರುವ ಸಂಗತಿ. ಜ್ವರ ಬಂದ ಕೂಡಲೇ ಬೇಕೋ ಬೇಡವೋ ಒಂದು ಸೂಜಿ ಎನ್ನುವ ರೂಢಿ ನಮ್ಮಲ್ಲಿ ಎಷ್ಟೋ ಮಕ್ಕಳ ನಷ್ಟವನ್ನು ಹೆಚ್ಚಿಸಿದೆ. ಆದರೆ ಮೂಲ ಸೂಜಿಯಲ್ಲ, ವೈರಸ್.

ಉಡುಪಿ ಜಿಲ್ಲೆಯ ಕೋಟದಲ್ಲಿ 1958ರಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರಿಗೆ ಎಳೆಗೂಸಾಗಿದ್ದಾಗಲೇ ಹೀಗೇ ಜ್ವರ ಬಂದು ಮೈ ಕೈಕೊಟ್ಟಿತು. ಮುಂದೆ ಅವರು ಗಾಲಿಕುರ್ಚಿಯಲ್ಲೇ ದೇಶಕ್ಕಾಗಿ ಆಡಿ ಪದಕ ತಂದರು, ಅರ್ಜುನ ಮತ್ತು ಪದ್ಮಶ್ರೀ ಪ್ರಶಸ್ತಿ ಪಡೆದರು. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ನಮ್ಮ ಹಳ್ಳಿಗಳಲ್ಲಿ ಪೋಲಿಯೊ ತಗಲಿದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಗಾಲಿಕುರ್ಚಿ ಹೋಗಲಿ, ಕಾಲಿಗೆ ಕಟ್ಟುವ ಕ್ಯಾಲಿಪರ್ ಕೂಡ ಸಿಗಲಿಲ್ಲ. ಅವರು ಅಂಗಳದಲ್ಲಿ ಕೂತೇ ದೊಡ್ಡವರಾದರು.

ಈ ವೈರಸ್ಸಿನ ನಡವಳಿಕೆ ಒಂದಿಷ್ಟು ತಿಳಿದರೆ ಮುಂದಿನ ಮಾತು ಸುಲಭ. ಅದು ಬಾಯಿಂದ ಒಳಹೋಗಿ ಕರುಳಿನಲ್ಲಿ ಬೆಳೆದು ಮಲದಲ್ಲಿ ಹೊರಬರುತ್ತದೆ. ಬಯಲಿನಿಂದ ನೀರಿಗೆ, ಕೈಗೆ, ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತದೆ. ಸೋಂಕು ತಗಲಿದ ಸುಮಾರು ಇನ್ನೂರು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಲಕ್ವ ಹೊಡೆಯುತ್ತದೆ. ಉಳಿದವರು ಆಡಿಕೊಂಡೇ ಇರುತ್ತಾರೆ, ಆಡುತ್ತಲೇ ಹಂಚುತ್ತಿರುತ್ತಾರೆ. ಒಂದು ಊರಲ್ಲಿ ಒಂದು ಮಗುವಿನ ಕಾಲು ಬಿತ್ತೆಂದರೆ ಸುತ್ತಮುತ್ತ ನೂರಾರು ಮಕ್ಕಳ ಹೊಟ್ಟೆಯಲ್ಲಿ ವೈರಸ್ ಓಡಾಡಿಯಾಗಿದೆ ಎಂದೇ ಲೆಕ್ಕ. ಹೀಗಾಗಿಯೇ ಒಂದೇ ಒಂದು ಪ್ರಕರಣಕ್ಕೆ ಇಡೀ ಇಲಾಖೆ ಓಡಿ ಬರುತ್ತದೆ. ಇದರಲ್ಲೇ ಒಂದು ಸಮಾಧಾನವೂ ಇದೆ. ಈ ವೈರಸ್ಸಿಗೆ ದನದಲ್ಲಾಗಲಿ ಹಕ್ಕಿಯಲ್ಲಾಗಲಿ ನೆಲೆಯಿಲ್ಲ, ಮನುಷ್ಯರಲ್ಲಿ ಮಾತ್ರ. ಎಲ್ಲ ಮಕ್ಕಳ ಕರುಳಿನಲ್ಲೂ ಅದಕ್ಕೆ ಜಾಗ ಸಿಗದಂತೆ ಮಾಡಿದರೆ ಅದು ಅಳಿಯಲೇಬೇಕು.

ನಮ್ಮ ದೇಶದ ಲಸಿಕೆ ಕಾರ್ಯಕ್ರಮಕ್ಕೆ ಪೋಲಿಯೊ ಹನಿ ಸೇರಿದ್ದು 1979ರಲ್ಲಿ. ಹನಿ ಹಾಕಿಸಿಕೊಂಡ ಮಕ್ಕಳಿಗೂ ಪೋಲಿಯೊ ಬರುವುದನ್ನು ಕಂಡು ಯೋಚನೆಗೆ ಬಿದ್ದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್. ತಣ್ಣನೆಯ ದೇಶಗಳಲ್ಲಿ ಮೂರು ಸಲ ಹಾಕಿದರೆ ನಾಟುವ ಹನಿ ನಮ್ಮ ಮಕ್ಕಳಲ್ಲಿ ಅಷ್ಟಕ್ಕೇ ನಾಟುವುದಿಲ್ಲ, ಹೆಚ್ಚು ಸಲ ಹಾಕಬೇಕು ಎಂದು ಅವರು ತೋರಿಸಿಕೊಟ್ಟರು. ಮೇಲಿಂದ ಮೇಲೆ ಭೇದಿಯಾಗುವ ಹೊಟ್ಟೆ, ಬೇರೆ ಸೋಂಕುಗಳು ತುಂಬಿದ ಕರುಳು: ಲಸಿಕೆಯ ವೈರಸ್ಸಿಗೂ ಅಲ್ಲಿ ಊರಿಕೊಳ್ಳುವುದು ಕಷ್ಟ. “ಮೊನ್ನೆನೇ ಹಾಕ್ಸೀವಲ್ಲ” ಎನ್ನುವವರಿಗೆ ಉತ್ತರ ಇದು. ಹೆಚ್ಚು ಸಲ ಹಾಕಿಸಿದ್ದರಿಂದ ಕೆಡುಕಿಲ್ಲ, ಕಡಿಮೆ ಸಲ ಹಾಕಿಸಿದರೆ ಅಪಾಯ.

1988ರಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಪೋಲಿಯೊ ನಿರ್ಮೂಲನೆಯ ಪಣ ತೊಟ್ಟಾಗ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಲಕ್ವಕ್ಕೆ ಬಲಿಯಾಗುತ್ತಿದ್ದರು. ರೋಟರಿ ಸಂಸ್ಥೆ ಅದಕ್ಕೂ ಮೊದಲೇ, 1985ರಲ್ಲಿ, ಈ ಕೆಲಸಕ್ಕೆ ಕೈಹಾಕಿತ್ತು. ಭಾರತದಲ್ಲಿ 1995ರ ಡಿಸೆಂಬರ್ 9ರಂದು ಇಡೀ ದೇಶಕ್ಕೆ ಒಂದೇ ದಿನ ಹನಿ ಹಾಕುವ ಪಲ್ಸ್ ಪೋಲಿಯೊ ಶುರುವಾಯಿತು. ಬೂತಿಗೆ ಬಂದವರಿಗಷ್ಟೇ ಹಾಕಿದರೆ ಸಾಲದೆಂದು 1999ರಿಂದ ಮನೆಮನೆಗೆ ಹೋಗುವುದು ಆರಂಭವಾಯಿತು.

ನಾವು ಗೆದ್ದೆವು ಎಂದುಕೊಂಡಿದ್ದಾಗಲೇ 2003 ಬಂತು. ಆ ವರ್ಷ ದೇಶದಲ್ಲಿ 225 ಪ್ರಕರಣ. ಕರ್ನಾಟಕ ಒಂದರಲ್ಲೇ 36. ಪಕ್ಕದ ಆಂಧ್ರಪ್ರದೇಶದಲ್ಲಿ, ಅಂದರೆ ಇಂದಿನ ತೆಲಂಗಾಣವೂ ಸೇರಿದ ರಾಜ್ಯದಲ್ಲಿ, 21. ಉತ್ತರದಿಂದ ರೈಲು ಹತ್ತಿ, ಲಾರಿ ಹತ್ತಿ ಬಂದ ವೈರಸ್ ಇಲ್ಲಿ ಹನಿ ತಪ್ಪಿದ ಮಕ್ಕಳನ್ನು ಹುಡುಕಿ ಹಿಡಿಯಿತು. ಮತ್ತೆ ಸುತ್ತಿನ ಮೇಲೆ ಸುತ್ತು ಹನಿ ಹಾಕಿ ಅದನ್ನು ಹೊರದೂಡಿದೆವು. 2007ರ ನಂತರ ಕರ್ನಾಟಕದಲ್ಲಿ ಕಾಡು ಪೋಲಿಯೊ ವೈರಸ್ಸಿನ, ಅಂದರೆ ಲಸಿಕೆಯಿಂದ ಬಂದದ್ದಲ್ಲದ ಮೂಲ ವೈರಸ್ಸಿನ, ಪ್ರಕರಣ ಇಲ್ಲ. ದೇಶದಲ್ಲಿ ಅದರ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹುಡುಗಿಯದು, 2011ರ ಜನವರಿ 13ರಂದು. ಅವಳ ಬಾಯಿಗೆ ಒಂದು ಹನಿಯೂ ಬಿದ್ದಿರಲಿಲ್ಲ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಘೋಷಿಸಿತು. 2009ರಲ್ಲಿ ಜಗತ್ತಿನ ಪೋಲಿಯೊ ಪ್ರಕರಣಗಳಲ್ಲಿ ಹತ್ತಿರಹತ್ತಿರ ಅರ್ಧ ನಮ್ಮ ದೇಶದ್ದೇ, 741. ಅಲ್ಲಿಂದ ಎರಡೇ ವರ್ಷದಲ್ಲಿ ಒಂದಕ್ಕೆ ಇಳಿಯಿತೆಂದರೆ ಅದು ಪವಾಡದಿಂದ ಆದದ್ದಲ್ಲ.

ಹೇಗೆ ಆಯಿತು? ಲಸಿಕೆ ಸುಧಾರಿಸಿತು ಎಂಬುದು ಒಂದು ಕಾರಣ. 2010ರಲ್ಲಿ ಒಂದನೇ ಮತ್ತು ಮೂರನೇ ಬಗೆಯ ವೈರಸ್ಸುಗಳಿಗೆ ಹೆಚ್ಚು ಪರಿಣಾಮಕಾರಿಯಾದ ಹೊಸ ಹನಿ ಬಂತು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕಾರಣ, ಪಟ್ಟಿಯಲ್ಲಿ ಇಲ್ಲದ ಮಕ್ಕಳನ್ನು ಹುಡುಕಲು ಹೊರಟದ್ದು. ಇಟ್ಟಿಗೆ ಭಟ್ಟಿ, ಕಟ್ಟಡ ಕಟ್ಟುವ ಜಾಗ, ಕೊಳೆಗೇರಿ, ಅಲೆಮಾರಿಗಳ ಗುಡಾರ: ಇವುಗಳ ಬೇರೆಯೇ ನಕ್ಷೆ ಮಾಡಿ ಅಲ್ಲಿಗೆ ತಂಡ ಕಳಿಸಿದರು. ತೊಗರಿ ಹೊಲದಲ್ಲಿ ಒಂದು ಮೂಲೆ ಬಿಟ್ಟು ಔಷಧ ಹೊಡೆದರೆ ಕಾಯಿಕೊರಕ ಹುಳ ಆ ಮೂಲೆಯಿಂದಲೇ ಮತ್ತೆ ಹೊಲಕ್ಕೆಲ್ಲ ಹರಡುತ್ತದೆ. ಇದೂ ಹಾಗೇ.

ಈಗ ನಮ್ಮ ನೆಲದ ಮಾತಿಗೆ ಬರುತ್ತೇನೆ. ದೀಪಾವಳಿ ಮುಗಿಯಿತೆಂದರೆ ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದ ಗುಳೆ ಶುರು. ಕೆಲವರು ಮುಕಾದಮನ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು, ಕೆಲವರು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ತೊಗರಿ ರಾಶಿ ಮುಗಿದ ಮೇಲೆ ಇನ್ನಷ್ಟು ಮಂದಿ. ಮಿರಗದ ಮಳೆಯ ಹೊತ್ತಿಗೆ ಮರಳುತ್ತಾರೆ. ಎದೆಹಾಲು ಕುಡಿಯುವ ಕೂಸು, ಎರಡು ವರ್ಷದ ಮಗು ಅವರ ಜೊತೆಗೇ ಹೋಗುತ್ತವೆ. ಇನ್ನು ಪಲ್ಸ್ ಪೋಲಿಯೊ ಯಾವಾಗ? ಸಾಮಾನ್ಯವಾಗಿ ಚಳಿಗಾಲದಿಂದ ಬೇಸಿಗೆ ಆರಂಭದವರೆಗೆ. 2024ರಲ್ಲಿ ಮಾರ್ಚ್ 3ರಂದು ನಡೆಯಿತು. ವೈರಸ್ ಹರಡುವುದು ಆಗ ಕಡಿಮೆ, ಹನಿಯನ್ನು ತಂಪಾಗಿ ಇಡುವುದೂ ಸುಲಭ ಎಂದು ಆ ತಿಂಗಳುಗಳನ್ನು ಆರಿಸಿದ್ದಾರೆ. ಅದು ಶಾಸ್ತ್ರಕ್ಕೆ ಸರಿ. ಆದರೆ ನಮ್ಮ ತಾಂಡಾದ ಅರ್ಧ ಬಾಗಿಲುಗಳಿಗೆ ಬೀಗ ಬಿದ್ದಿರುವುದೂ ಅದೇ ತಿಂಗಳುಗಳಲ್ಲಿ.

ಮನೆಮನೆಗೆ ಹೋಗುವ ತಂಡದವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದನ್ನು ನೀವು ನೋಡಿದ್ದೀರಿ. ಆ ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ‘ಪಿ’. ಒಂದು ಮಗು ತಪ್ಪಿದರೂ, ಮನೆಗೆ ಬೀಗ ಇದ್ದರೂ ‘ಎಕ್ಸ್’. ‘ಎಕ್ಸ್’ ಬಿದ್ದ ಮನೆಗೆ ಮತ್ತೆ ಹೋಗಬೇಕು. ಊರಲ್ಲಿರುವ ಮನೆಯಾದರೆ ಸಂಜೆಗೆ ಹೋದರೆ ಮಗು ಸಿಗುತ್ತದೆ. ಪುಣೆಗೆ ಹೋದವರ ಮನೆಗೆ ಎಷ್ಟು ಸಲ ಹೋದರೂ ಬೀಗವೇ. ಇಲ್ಲಿಯ ಪಟ್ಟಿಯಲ್ಲಿ ಆ ಮಗು ‘ಊರಲ್ಲಿಲ್ಲ’. ಅಲ್ಲಿಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ನಮ್ಮ ಭಾಗದಲ್ಲಿ ನನಗೆ ನಿಜವಾಗಿ ಹೆದರಿಕೆ ಇರುವುದು ಈ ಮಗುವಿನ ಬಗ್ಗೆ. ಬೂತಿಗೆ ಬಂದು ಪ್ರಶ್ನೆ ಕೇಳುವ ತಾಯಿಯ ಬಗ್ಗೆ ಅಲ್ಲ. ಆಕೆ ಕೇಳಿದರೂ ಕೊನೆಗೆ ಹಾಕಿಸುತ್ತಾಳೆ.

ಕುಂಚಾವರಂ ಕಾಡಿನ ಕಡೆಯ ಒಂದು ತಾಂಡಾದಲ್ಲಿ ಕಂಡದ್ದು ಹೇಳುತ್ತೇನೆ. ಸಾಲಿಗೆ ನಾಲ್ಕು ಮನೆ ಬೀಗ. ಐದನೆಯದರ ಕಟ್ಟೆಯ ಮೇಲೆ ಒಬ್ಬ ಮುದುಕಿ ಮೊಮ್ಮಗನಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ಆಶಾ ಕಾರ್ಯಕರ್ತೆ ಅದೇ ತಾಂಡಾದ ಸೊಸೆ. ಲಂಬಾಣಿ ಮಾತಿನಲ್ಲಿ “ಯಾಡಿ”, ಅಂದರೆ ಅವ್ವ, ಎಂದು ಕರೆದು ಪಕ್ಕ ಕೂತಳು. ದೊಡ್ಡ ಮೊಮ್ಮಗನಿಗೆ ಹನಿ ಹಾಕಿ, ಅವನ ಎಡಗೈಯ ಕಿರುಬೆರಳಿನ ಉಗುರಿಗೆ ಪೆನ್ನಿನ ಗುರುತು ಹಚ್ಚುತ್ತಲೇ ಕೇಳಿದಳು: ಸಣ್ಣ ಕೂಸು ಎಲ್ಲಿ? ಸೊಸೆಯ ಜೊತೆ ಪುಣೆಗೆ ಹೋಗಿದೆ. ಪುಣೆಯಲ್ಲಿ ಎಲ್ಲಿ? ಮುದುಕಿಗೆ ಗೊತ್ತಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು, ಅದರಲ್ಲಿ ಮಗನ ಮೊಬೈಲ್ ನಂಬರ್. ಆಶಾ ಅಲ್ಲಿಂದಲೇ ಫೋನ್ ಹಚ್ಚಿದಳು. ಕಟ್ಟಡದ ಗದ್ದಲದಲ್ಲಿ ಆ ಕಡೆಯ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. “ಇವತ್ತ ಅಲ್ಲೂ ಹಾಕ್ತಾರ, ರಸ್ತೆದಾಗ ಬೂತ್ ಇರ್ತದ, ಕಾರ್ಡ್ ಇರಲಿ ಇಲ್ದಿರಲಿ, ಕೂಸಿನ್ನ ತೊಗೊಂಡು ಹೋಗ್ರಿ” ಎಂದು ಕೂಗಿ ಹೇಳಿದಳು. ಸಂಜೆ ಆ ತಾಯಿಯೇ ಕೂಸಿನ ಬೆರಳಿನ ಫೋಟೊ ಕಳಿಸಿದ್ದಳು. ಆ ಆಶಾ ಬಳಿ ಇಂಥ ನಂಬರುಗಳ ಒಂದು ನೋಟ್‌ಬುಕ್ಕೇ ಇತ್ತು. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಮಾಡಿಕೊಂಡದ್ದು. ಪ್ರತಿ ತಾಂಡಾದಲ್ಲೂ ಇಂಥದೊಂದು ನೋಟ್‌ಬುಕ್ ಇರಬೇಕೆಂದು ನಾನು ಇಲಾಖೆಯ ಗೆಳೆಯರನ್ನು ಈ ಬಾನುಲಿಯ ಮೂಲಕವೂ ಕೇಳಿಕೊಳ್ಳುತ್ತೇನೆ.

ಗುಳೆಯವರು ಹಾದುಹೋಗುವ ವಾಡಿ ಜಂಕ್ಷನ್ ಎಂಥ ಜಾಗ ಎಂದು ನಿಮಗೆ ಗೊತ್ತು. 1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ಬಂದು ಮುಂಬಯಿಯ ದಾರಿಗೆ ಕೂಡಿದ್ದು ಅಲ್ಲೇ. ಅವತ್ತಿನಿಂದ ಇವತ್ತಿನವರೆಗೆ ಮುಂಬಯಿ, ಹೈದರಾಬಾದ್, ಮದ್ರಾಸ್ ಕಡೆಗೆ ಹೋಗುವ ಬಡವರೆಲ್ಲ ಆ ಪ್ಲಾಟ್‌ಫಾರ್ಮಿನ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂರುತ್ತಾರೆ. ಪೋಲಿಯೊ ದಿನ ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಬೂತು ಹಾಕುವುದು ಈ ಕಾರಣಕ್ಕೆ. ಅಲ್ಲಿ ಕೂತವರನ್ನು ಒಮ್ಮೆ ಗಮನಿಸಿ. ರೈಲು ಬಂದು ಹೊರಡುವಷ್ಟರಲ್ಲಿ ಬೋಗಿಯೊಳಗೆ ಹತ್ತಿ, ಬೆರಳು ನೋಡಿ, ಹನಿ ಹಾಕಿ ಇಳಿಯುತ್ತಾರೆ. ಶಹಾಬಾದಿನ ಫರಸಿ ಗಣಿಗಳು, ವಾಡಿ, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳ ಸುತ್ತಲಿನ ಗುತ್ತಿಗೆ ಕೂಲಿಗಳ ಶೆಡ್ಡುಗಳು: ಬಿಹಾರದಿಂದ, ಒಡಿಶಾದಿಂದ ಬಂದವರ ಮಕ್ಕಳೂ ನಮ್ಮ ಪಟ್ಟಿಯ ಮಕ್ಕಳೇ. ಪುಣೆಯವರು ನಮ್ಮ ಕೂಸನ್ನು ನೋಡಿಕೊಳ್ಳಲಿ ಎಂದು ಬಯಸುವ ನಾವು ಬಿಹಾರದವರ ಕೂಸನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಹನಿಯ ಬಾಟಲಿಯ ಬಗ್ಗೆಯೂ ಒಂದು ಮಾತು. ಕಲಬುರಗಿಯ ಬಿಸಿಲಿನಲ್ಲಿ ಇದು ಕೆಟ್ಟಿರುವುದಿಲ್ಲವೇ ಎಂದು ಓದಿದವರು ಕೇಳುತ್ತಾರೆ. ಕೇಳಬೇಕು ಕೂಡ. ಸುತ್ತ ಮಂಜುಗಡ್ಡೆಯ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಅದು ಬರುತ್ತದೆ. ಬಾಟಲಿಯ ಲೇಬಲ್ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಹನಿ ಸರಿ ಇದೆ. ವೃತ್ತದ ಬಣ್ಣಕ್ಕೆ ಸಮನಾದರೆ, ಅಥವಾ ಇನ್ನೂ ಕಪ್ಪಾದರೆ, ಆ ಬಾಟಲಿ ಬಳಸುವಂತಿಲ್ಲ. ಓದುಬರಹ ಬಾರದವರೂ ನೋಡಿ ಹೇಳಬಹುದಾದ ಗುರುತು. ನಿಮ್ಮ ಮಗುವಿಗೆ ಹಾಕುವ ಮೊದಲು “ತೋರಸ್ರಿ” ಎಂದು ಕೇಳಿ. ಕೆಲಸ ಬಲ್ಲ ಕಾರ್ಯಕರ್ತೆ ಸಂತೋಷದಿಂದ ತೋರಿಸುತ್ತಾಳೆ.

ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಒಂದು ಕಾಲದಲ್ಲಿ ಉತ್ತರ ಪ್ರದೇಶದಲ್ಲಿ ಬಹಳ ಹಾನಿ ಮಾಡಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳ ಅಧ್ಯಾಪಕರು, ವಿದ್ಯಾರ್ಥಿಗಳು ಓಣಿ ಓಣಿಗೆ ಹೋಗಿ ಮಾತನಾಡಿದರು. ಮಸೀದಿಯ ಮೈಕಿನಿಂದ ಹನಿ ಹಾಕಿಸಲು ಕರೆ ಬಂತು. ಆಗ ಬಾಗಿಲು ತೆರೆದವು. ಟಿವಿಯಲ್ಲಿ ಅಮಿತಾಭ್ ಬಚ್ಚನ್ ಹೇಳಿದ್ದು ದೇಶಕ್ಕೆಲ್ಲ ಮುಟ್ಟಿತು, ನಿಜ. ಆದರೆ ಅನುಮಾನ ಹೊಕ್ಕ ಮನೆಗೆ ಆ ಮನೆಯವರು ನಂಬುವ ಮನುಷ್ಯನೇ ಹೋಗಬೇಕು. ನಮ್ಮ ತಾಂಡಾಗಳಲ್ಲಿ ನಾಯಕ, ಕಾರಭಾರಿ ಒಂದು ಮಾತು ಹೇಳಿದರೆ ನಡೆಯುತ್ತದೆ. ಶಹಾಬಾದ್, ಚಿತ್ತಾಪುರದ ಓಣಿಗಳಲ್ಲಿ ಹೆರಿಗೆ, ಬಾಣಂತನಕ್ಕೆ ಎಲ್ಲರೂ ಕೇಳುವ ಹಿರಿಯ ಹೆಂಗಸೊಬ್ಬಳು “ನನ್ನ ಮೊಮ್ಮಕ್ಕಳಿಗಿ ಹಾಕ್ಸೀನಿ” ಎಂದರೆ ಅದಕ್ಕಿಂತ ದೊಡ್ಡ ಪ್ರಚಾರವಿಲ್ಲ.

ಈಗ ಆ ತಾಯಿಯ ಪ್ರಶ್ನೆ. ಬ್ಯಾನಿ ಹೋಗಿದೆಯೇ?

ಕಾಡು ಪೋಲಿಯೊ ವೈರಸ್ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಇನ್ನೂ ನೆಲೆಯೂರಿದೆ. ಇನ್ನೊಂದು ಸಂಗತಿ, ಮುಚ್ಚಿಡದೆ ಹೇಳಬೇಕಾದದ್ದು. ಬಾಯಿಗೆ ಹಾಕುವ ಹನಿಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಎಲ್ಲ ಮಕ್ಕಳೂ ಹನಿ ಹಾಕಿಸಿಕೊಂಡ ಊರಲ್ಲಿ ಅದು ಸುಮ್ಮನೆ ಸತ್ತುಹೋಗುತ್ತದೆ. ಹನಿ ತಪ್ಪಿದ ಮಕ್ಕಳೇ ಹೆಚ್ಚಿರುವ ಕಡೆ ಮಗುವಿನಿಂದ ಮಗುವಿಗೆ ದಾಟುತ್ತ, ಬಹಳ ದಿನ ಉಳಿದು, ಅಪರೂಪಕ್ಕೆ ಮತ್ತೆ ಬಲ ತಂದುಕೊಳ್ಳುತ್ತದೆ. ಎರಡನೇ ಬಗೆಯ ಕಾಡು ವೈರಸ್ 1999ರಲ್ಲೇ ಅಲಿಗಢದಲ್ಲಿ ಕೊನೆಯಾಗಿ ಕಂಡು ಅಳಿದುಹೋಗಿದ್ದರಿಂದ, 2016ರ ಏಪ್ರಿಲ್ 25ರಂದು ದೇಶದಾದ್ಯಂತ ಹನಿಯಿಂದ ಆ ಬಗೆಯನ್ನು ತೆಗೆದುಹಾಕಿದರು. ಅದಾದ ಕೆಲವೇ ವಾರಗಳಲ್ಲಿ ಹೈದರಾಬಾದಿನ ಅಂಬರ್‌ಪೇಟೆಯ ಚರಂಡಿ ನೀರಿನ ಮಾದರಿಯಲ್ಲಿ ಲಸಿಕೆಯಿಂದ ಹುಟ್ಟಿ ರೂಪ ಬದಲಿಸಿದ ಎರಡನೇ ಬಗೆಯ ವೈರಸ್ ಸಿಕ್ಕಿತು. ಯಾವ ಮಗುವಿಗೂ ಲಕ್ವ ಹೊಡೆದಿರಲಿಲ್ಲ. ಆದರೂ ಜೂನ್ ತಿಂಗಳಲ್ಲಿ ಹೈದರಾಬಾದ್ ಮತ್ತು ರಂಗಾರೆಡ್ಡಿ ಜಿಲ್ಲೆಗಳ ಅಪಾಯದ ಪ್ರದೇಶಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಪೋಲಿಯೊ ಸೂಜಿ ಹಾಕಿದರು. ನಮ್ಮ ಪಕ್ಕದ ತಾಂಡೂರು ಆಗ ಅದೇ ರಂಗಾರೆಡ್ಡಿ ಜಿಲ್ಲೆಯಲ್ಲಿತ್ತು. ಚಿಂಚೋಳಿಯವರಿಗೆ ಕಲಬುರಗಿಗಿಂತ ತಾಂಡೂರೇ ಹತ್ತಿರ. ಸಂತೆಗೆ, ನೆಂಟರ ಮನೆಗೆ, ದುಡಿಯಲು ದಿನವೂ ಹೋಗಿ ಬರುವ ದಾರಿ. ಹಾಗೇ 2024ರಲ್ಲಿ ಮೇಘಾಲಯದ ಗಾರೋ ಬೆಟ್ಟಗಳಲ್ಲಿ ಒಂದು ಮಗುವಿಗೆ ಲಸಿಕೆಯಿಂದ ಹುಟ್ಟಿದ ವೈರಸ್ಸಿನ ಪೋಲಿಯೊ ಕಂಡಿತು.

ಇದನ್ನು ಕೇಳಿ ಹನಿಗೆ ಹೆದರಬೇಡಿ. ಹನಿ ಬಿಟ್ಟ ಮಕ್ಕಳಿಗೇ ಇದರ ಅಪಾಯ. ಅದಕ್ಕಾಗಿಯೇ ಹನಿಯ ಜೊತೆಗೆ ಈಗ ಸೂಜಿಯೂ ಇದೆ. ಅದರಲ್ಲಿರುವುದು ಸತ್ತ ವೈರಸ್, ಅದು ಮತ್ತೆ ಬಲ ತಂದುಕೊಳ್ಳುವ ಮಾತೇ ಇಲ್ಲ. ಹುಟ್ಟಿದ ಕೂಡಲೇ ಒಂದು ಸಲ ಹನಿ, ಆಮೇಲೆ 6, 10, 14 ವಾರಕ್ಕೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ. ಸೂಜಿ 6 ವಾರಕ್ಕೊಂದು, 14 ವಾರಕ್ಕೊಂದು ಬಲತೋಳಿಗೆ. 2023ರಿಂದ 9 ತಿಂಗಳಿಗೆ ಮೂರನೆಯದು ಎಡತೋಳಿಗೆ. ಪಲ್ಸ್ ಪೋಲಿಯೊ ಹನಿ ಇವುಗಳ ಬದಲಿಗೆ ಅಲ್ಲ, ಇವುಗಳ ಮೇಲೆ.

ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಕೈಯೋ ಕಾಲೋ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡು ಜೋತುಬಿದ್ದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾರಣ ಪೋಲಿಯೊ ಅಲ್ಲದೆಯೂ ಇರಬಹುದು, ಬಹುತೇಕ ಸಲ ಅಲ್ಲವೇ ಅಲ್ಲ. ಆದರೂ ಕಾಲು ಬಿದ್ದ ಹದಿನಾಲ್ಕು ದಿನದೊಳಗೆ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ದರ್ಗಾಕ್ಕೆ, ದೇವಸ್ಥಾನಕ್ಕೆ ಹರಕೆ ಹೊತ್ತರೆ ನನ್ನ ಅಡ್ಡಿಯಿಲ್ಲ, ಆದರೆ ಮೊದಲು ದವಾಖಾನಿ.

ಗುಳೆ ಹೊರಡುವವರಿಗೆ ಹೇಳುವುದಿಷ್ಟು. ಹೋಗುವ ಮುಂಚೆ ಆಶಾ ಅಕ್ಕನಿಗೋ ಅಂಗನವಾಡಿ ಟೀಚರಿಗೋ ಯಾವ ಊರು, ಯಾವ ಫೋನ್ ನಂಬರ್ ಎಂದು ಹೇಳಿ ಹೋಗಿ. ತಾಯಿ ಕಾರ್ಡಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಪೋಲಿಯೊ ದಿನ ಯಾವ ರಾಜ್ಯದಲ್ಲಿದ್ದರೂ ಹತ್ತಿರದ ಬೂತಿಗೆ ಹೋಗಿ. ಅಲ್ಲಿ ರೇಷನ್ ಕಾರ್ಡೂ ಕೇಳುವುದಿಲ್ಲ, ರೊಕ್ಕವೂ ಕೇಳುವುದಿಲ್ಲ. ಮರಳಿ ಬಂದ ವಾರದಲ್ಲೇ ತಪ್ಪಿದ ಹನಿ, ಸೂಜಿ ಹಾಕಿಸಿ. ಇನ್ನು ಆಳು ಕರೆದುಕೊಂಡು ಹೋಗುವ ಮುಕಾದಮರು, ಮೇಸ್ತ್ರಿಗಳು, ಗುತ್ತೇದಾರರು ಈ ಮಾತು ಕೇಳುತ್ತಿದ್ದರೆ ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಮುಂಗಡ ಬರೆಯುವ ನಿಮ್ಮ ವಹಿಯಲ್ಲಿ ಗಂಡಾಳು, ಹೆಣ್ಣಾಳು ಎಂದು ಲೆಕ್ಕ ಇರುತ್ತದೆ. ಅದೇ ಹಾಳೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಹೆಸರನ್ನೂ ಬರೆದುಕೊಳ್ಳಿ. ಕೆಲಸದ ಜಾಗ ಮುಟ್ಟಿದ ಮೇಲೆ ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಪಟ್ಟಿ ಕೊಟ್ಟುಬನ್ನಿ.